ಎರಡೂ ಆಕ್ಟಾ-ಕೋರ್ ಎಂದರೆ ಎರಡೂ ಒಂದೇ ಫೋನೇ? ಪ್ರೊಸೆಸರ್ ನೋಡಿ ಕೊಳ್ಳುವವರಿಗೆ

ಪ್ರಶ್ನೆ: ನಾನು ಅರಸೀಕೆರೆಯಲ್ಲಿ ಪ್ರೌಢಶಾಲಾ ಶಿಕ್ಷಕ. ಮಗಳು ಈ ವರ್ಷ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಿದ್ದಾಳೆ. ಓದು ಮುಗಿಯುವ ತನಕ ನಾಲ್ಕು ವರ್ಷ ಬಾಳಿಕೆ ಬರುವಂಥ ಒಂದು ಫೋನ್ ಕೊಡಿಸಬೇಕು. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದರಲ್ಲಿ ಡೈಮೆನ್ಸಿಟಿ 6300 ಪ್ರೊಸೆಸರ್, ಬೆಲೆ 14,000 ರೂಪಾಯಿ. ಇನ್ನೊಂದರಲ್ಲಿ ಡೈಮೆನ್ಸಿಟಿ 7300, ಬೆಲೆ 17,500. "ಎರಡೂ ಆಕ್ಟಾ-ಕೋರ್ ಸರ್, ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 2.5. ಅಂಥ ವ್ಯತ್ಯಾಸವೇನಿಲ್ಲ. ಕಡಿಮೆ ಬೆಲೆಯದರಲ್ಲಿ ಕ್ಯಾಮೆರಾ 108 ಮೆಗಾಪಿಕ್ಸೆಲ್ ಇದೆ, ಅದನ್ನೇ ತಗೊಳ್ಳಿ" ಎಂದರು. ಮಗಳು ಮಾತ್ರ ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್ ಇರುವ ಫೋನೇ ಬೇಕು ಎನ್ನುತ್ತಾಳೆ. ಮನೆಯಲ್ಲಿ ಎಲ್ಲರದೂ ಏರ್‌ಟೆಲ್ ಸಿಮ್. ಯಾವುದನ್ನು ಕೊಡಿಸಲಿ?

ಉತ್ತರ: ಈ ಎರಡರಲ್ಲಿ ಡೈಮೆನ್ಸಿಟಿ 7300 ಇರುವ ಫೋನನ್ನು ಕೊಡಿಸಿ. ಮೂರೂವರೆ ಸಾವಿರ ರೂಪಾಯಿ ಶಿಕ್ಷಕರ ಮನೆಯಲ್ಲಿ ಸಣ್ಣ ಮೊತ್ತವಲ್ಲ ಎಂಬುದನ್ನು ಬಲ್ಲೆ. ಆದರೆ ನಾಲ್ಕು ವರ್ಷಕ್ಕೆ ಹಂಚಿದರೆ ಅದು ತಿಂಗಳಿಗೆ 73 ರೂಪಾಯಿ ಆಗುತ್ತದೆ, ಮತ್ತು ಆ ಹಣಕ್ಕೆ ಸಿಗುವ ವ್ಯತ್ಯಾಸ ಅಂಗಡಿಯವರು ಹೇಳಿದ 0.1 ಗಿಗಾಹರ್ಟ್ಸ್‌ಗಿಂತ ಬಹಳ ದೊಡ್ಡದು. ಅವರು ಹೇಳಿದ ಅಂಕಿಗಳಲ್ಲಿ ಒಂದೂ ಸುಳ್ಳಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನೇ ಅವರು ಓದಿ ಹೇಳಿದ್ದಾರೆ. ತೊಂದರೆ ಏನೆಂದರೆ, ಎರಡು ಪ್ರೊಸೆಸರ್‌ಗಳನ್ನು ತೂಗಿ ನೋಡಲು ಬೇಕಾದ ಮಾಹಿತಿ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಇರುವುದೇ ಇಲ್ಲ.

ಮೊದಲಿಗೆ, ನಾವು ಪ್ರೊಸೆಸರ್ ಎಂದು ಕರೆಯುವ ವಸ್ತು ಯಾವುದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫೋನಿನ ಹಿಂಬದಿಯ ಮುಚ್ಚಳವನ್ನು ತೆಗೆದು, ಕ್ಯಾಮೆರಾದ ಪಕ್ಕದಲ್ಲಿರುವ ಸಣ್ಣ ಸರ್ಕ್ಯೂಟ್ ಬೋರ್ಡಿನ ಮೇಲಿನ ತಗಡಿನ ಕವಚವನ್ನು ಎಬ್ಬಿಸಿದರೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಕಪ್ಪು ಚೌಕ ಕಾಣುತ್ತದೆ. ಅದರ ಮೇಲೆ ಶಾಖ ಹರಡುವ ಬೂದು ಬಣ್ಣದ ಲೇಪವಿರುತ್ತದೆ. ಅನೇಕ ಫೋನ್‌ಗಳಲ್ಲಿ ಹಾಗೆ ಕಾಣುವುದು ನಡೆಯುತ್ತಿರುವ ಕೆಲಸದ ಮಾಹಿತಿಯನ್ನು ಹಿಡಿದಿಡುವ ರ್‍ಯಾಮ್; ಪ್ರೊಸೆಸರ್ ಅದರ ಅಡಿಯಲ್ಲಿ, ಇಡ್ಲಿ ತಟ್ಟೆಯ ಕೆಳಗೆ ಇನ್ನೊಂದು ತಟ್ಟೆ ಕೂತ ಹಾಗೆ, ಅಂಟಿಕೊಂಡಿರುತ್ತದೆ. ಆ ಒಂದೇ ಚಿಪ್ಪಿನೊಳಗೆ ಲೆಕ್ಕ ಮಾಡುವ ಕೋರ್‌ಗಳು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ, ಕ್ಯಾಮೆರಾದಿಂದ ಬಂದ ಬೆಳಕಿನ ಮಾಹಿತಿಯನ್ನು ಫೋಟೊ ಆಗಿಸುವ ಭಾಗ, ಟವರಿನೊಂದಿಗೆ ಮಾತನಾಡುವ ಮೋಡೆಮ್, ವಿಡಿಯೊ ಬಿಡಿಸುವ ಭಾಗ ಎಲ್ಲವೂ ಇವೆ. ಹೀಗಾಗಿ ಪ್ರೊಸೆಸರ್ ಆರಿಸುವುದೆಂದರೆ ವೇಗವನ್ನು ಮಾತ್ರ ಆರಿಸಿದಂತಲ್ಲ. ಕ್ಯಾಮೆರಾ ಎಷ್ಟು ಮಾಡಬಲ್ಲದು, ನಿಮ್ಮೂರಿನ ಟವರು ಎಷ್ಟು ಸರಿಯಾಗಿ ಸಿಗುತ್ತದೆ, ಬ್ಯಾಟರಿ ಸಂಜೆಯ ತನಕ ಉಳಿಯುತ್ತದೆಯೇ ಎಂಬುದೂ ಅದರೊಂದಿಗೇ ತೀರ್ಮಾನವಾಗುತ್ತದೆ.

ಈಗ ಆಕ್ಟಾ-ಕೋರ್, ಅಂದರೆ ಎಂಟು ಕೋರ್‌ಗಳ ವಿಷಯ. ನಿಮಗೆ ತೋರಿಸಿದಂಥ ಫೋನ್‌ಗಳ ಎಂಟು ಕೋರ್‌ಗಳು ಒಂದೇ ಜಾತಿಯವಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಆರ್ಮ್ ಕಂಪನಿ ಕೋರ್‌ಗಳ ವಿನ್ಯಾಸ ಮಾಡಿ, ಡೈಮೆನ್ಸಿಟಿ ಚಿಪ್‌ಗಳ ಮೀಡಿಯಾಟೆಕ್, ಸ್ನಾಪ್‌ಡ್ರ್ಯಾಗನ್ ಚಿಪ್‌ಗಳ ಕ್ವಾಲ್ಕಾಮ್, ಸ್ಯಾಮ್‌ಸಂಗ್‌ನಂಥ ಕಂಪನಿಗಳಿಗೆ ಅದನ್ನು ಬಳಸುವ ಪರವಾನಗಿ ಕೊಡುತ್ತದೆ. 2011ರಲ್ಲಿ ಅದೇ ಕಂಪನಿ ಒಂದೇ ಚಿಪ್ಪಿನಲ್ಲಿ ದೊಡ್ಡ ಕೋರ್‌ಗಳನ್ನೂ ಚಿಕ್ಕ ಕೋರ್‌ಗಳನ್ನೂ ಜೊತೆಯಾಗಿ ಇಡುವ ಪದ್ಧತಿಯನ್ನು ತಂದಿತು. ಚಿಕ್ಕವು ಕಡಿಮೆ ಬ್ಯಾಟರಿ ತಿಂದು ಸಣ್ಣಪುಟ್ಟ ಕೆಲಸ ನೋಡಿಕೊಳ್ಳುತ್ತವೆ. ಭಾರದ ಕೆಲಸ ಬಂದಾಗ ದೊಡ್ಡವು ಏಳುತ್ತವೆ.

ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ತರಕಾರಿ ಹೆಚ್ಚುವವರು, ಕಾಯಿ ತುರಿಯುವವರು ಆರು ಜನ ಇರಬಹುದು. ಆದರೆ ಹುಳಿಯ ಹದ ನೋಡಿ, ಒಂದು ಕಡೆ ಪಾಕ ಬರುವಷ್ಟರಲ್ಲಿ ಇನ್ನೊಂದು ಕಡೆ ಒಗ್ಗರಣೆ ಸಿದ್ಧಮಾಡಿಕೊಳ್ಳುವ ಮುಖ್ಯ ಭಟ್ಟರು ಇಬ್ಬರೇ ಇದ್ದರೆ, ಊಟದ ಎಲೆ ಹಾಕುವ ಹೊತ್ತನ್ನು ತೀರ್ಮಾನಿಸುವವರು ಆ ಇಬ್ಬರೇ. ಹೆಚ್ಚುವವರು ಇನ್ನೂ ಹತ್ತು ಜನ ಬಂದರೂ ಹುಳಿ ಬೇಗ ಕುದಿಯುವುದಿಲ್ಲ. ಚಿಕ್ಕ ಕೋರ್‌ಗಳಲ್ಲಿ ಕಾರ್ಟೆಕ್ಸ್-ಎ55ರಂಥವು ಬಂದ ಆಜ್ಞೆಗಳನ್ನು ಬಂದ ಸಾಲಿನಲ್ಲೇ ಮಾಡುತ್ತವೆ. ಒಂದು ಆಜ್ಞೆ ರ್‍ಯಾಮ್‌ನಿಂದ ಮಾಹಿತಿ ಬರಲೆಂದು ಕಾದರೆ ಅದರ ಹಿಂದಿನವೆಲ್ಲ ಕಾಯುತ್ತವೆ. ಎ76, ಎ78ರಂಥ ದೊಡ್ಡ ಕೋರ್‌ಗಳು ಕಾಯುವ ಆಜ್ಞೆಯನ್ನು ಬದಿಗಿಟ್ಟು, ಅದರ ಹಂಗಿಲ್ಲದ ಮುಂದಿನ ಕೆಲಸಗಳನ್ನು ಆ ಹೊತ್ತಿನಲ್ಲೇ ಮುಗಿಸುತ್ತವೆ. ಆದ್ದರಿಂದಲೇ ಎರಡೂ 2 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೂ ದೊಡ್ಡ ಕೋರ್ ಮುಗಿಸುವ ಕೆಲಸ ಚಿಕ್ಕದಕ್ಕಿಂತ ಎಷ್ಟೋ ಹೆಚ್ಚು. ಗಿಗಾಹರ್ಟ್ಸ್ ಎಂಬುದು ಕೈ ಆಡಿಸುವ ವೇಗವಷ್ಟೆ. ಒಂದು ಸಲ ಕೈ ಆಡಿಸಿದಾಗ ಎಷ್ಟು ಕೆಲಸ ಸಾಗಿತು ಎಂಬುದನ್ನು ಅದು ಹೇಳುವುದಿಲ್ಲ.

ನಿಮ್ಮ ಎರಡು ಫೋನ್‌ಗಳನ್ನು ಈ ಕಣ್ಣಿನಿಂದ ನೋಡಿ. ಡೈಮೆನ್ಸಿಟಿ 6300ರಲ್ಲಿ ದೊಡ್ಡ ಕೋರ್‌ಗಳು ಎರಡು, ಅವು ಆರ್ಮ್ 2018ರಲ್ಲಿ ಪ್ರಕಟಿಸಿದ ಎ76. ಉಳಿದ ಆರೂ ಎ55. ಡೈಮೆನ್ಸಿಟಿ 7300ರಲ್ಲಿ ದೊಡ್ಡ ಕೋರ್‌ಗಳು ನಾಲ್ಕು, ಅವು 2020ರ ಎ78. ಉಳಿದ ನಾಲ್ಕು ಎ55. ಎ76 ಮತ್ತು ಎ78ರ ನಡುವೆ ಎ77 ಎಂಬ ಇನ್ನೊಂದು ತಲೆಮಾರು ಬಂದುಹೋಗಿದೆ. ಅಂದರೆ ಎರಡನೆಯ ಫೋನಿನಲ್ಲಿ ಭಟ್ಟರ ಸಂಖ್ಯೆ ಎರಡು ಪಟ್ಟು, ಮತ್ತು ಒಬ್ಬೊಬ್ಬರೂ ಹೆಚ್ಚು ನುರಿತವರು. ಗೀಕ್‌ಬೆಂಚ್ 6 ಎಂಬ ಪರೀಕ್ಷೆಯಲ್ಲಿ ಒಂದೇ ಕೋರಿನ ಅಂಕ 6300ಕ್ಕೆ ಸುಮಾರು 750ರಿಂದ 800ರ ಒಳಗೆ ಬರುತ್ತದೆ, 7300ಕ್ಕೆ ಸುಮಾರು ಸಾವಿರ. ಎಲ್ಲ ಕೋರ್‌ಗಳೂ ಸೇರಿದಾಗ ಒಂದಕ್ಕೆ ಎರಡು ಸಾವಿರದ ಆಸುಪಾಸು, ಇನ್ನೊಂದಕ್ಕೆ ಮೂರು ಸಾವಿರದ ಆಸುಪಾಸು. ನಿಮ್ಮ ಮಗಳು ಮುನ್ನೂರು ಪುಟದ ಪಿಡಿಎಫ್ ತೆರೆದಾಗ, ಅದರಿಂದ ವಾಟ್ಸಾಪ್‌ಗೆ ಹೋಗಿ ಮರಳಿ ಬಂದಾಗ, ಆನ್‌ಲೈನ್ ತರಗತಿ ನಡೆಯುತ್ತಿರುವಾಗಲೇ ಟಿಪ್ಪಣಿ ಬರೆದುಕೊಳ್ಳುವಾಗ ಈ ಅಂತರ ಬೆರಳಿಗೆ ತಿಳಿಯುತ್ತದೆ. ಆ್ಯಪ್ ತೆರೆದುಕೊಳ್ಳುವ ಕೆಲಸದ ಬಹುಪಾಲು ಒಂದೆರಡು ಕೋರ್‌ಗಳ ಮೇಲೇ ಬೀಳುವುದರಿಂದ, ಕೊಳ್ಳುವವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: ದೊಡ್ಡ ಕೋರ್‌ಗಳು ಎಷ್ಟು, ಅವು ಯಾವ ತಲೆಮಾರಿನವು?

ಈ ಪ್ರಶ್ನೆಯನ್ನು ಕೇಳದೆ ಹೋದದ್ದರ ಫಲವನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕ ನನ್ನನ್ನು ಕೇಳದೆಯೇ ಒಂದು ಫೋನ್ ಕೊಂಡಿದ್ದರು. ಪೆಟ್ಟಿಗೆಯ ಮೇಲೆ ಆಕ್ಟಾ-ಕೋರ್ ಎಂದೂ 2 ಗಿಗಾಹರ್ಟ್ಸ್‌ಗಿಂತ ಹೆಚ್ಚು ಎಂದೂ ದೊಡ್ಡದಾಗಿ ಬರೆದಿತ್ತು. ಅದರೊಳಗಿನ ಎಂಟೂ ಕೋರ್‌ಗಳು ಚಿಕ್ಕವೇ. ಒಂದು ದಿನ ತರಕಾರಿ ಅಂಗಡಿಯಲ್ಲಿ ನಾನು ಅವರ ಪಕ್ಕದಲ್ಲಿದ್ದೆ. ಹಣ ಕಳಿಸುವ ಆ್ಯಪ್ ಒತ್ತಿದರು. ಬಿಳಿ ಪರದೆ ಬಂತು. ಕ್ಯೂಆರ್ ಕೋಡಿನ ಮುಂದೆ ಫೋನ್ ಹಿಡಿದು ನಿಂತರು, ಕ್ಯಾಮೆರಾ ತೆರೆದುಕೊಳ್ಳಲಿಲ್ಲ. ಹಿಂದೆ ನಿಂತವರು "ಸ್ವಲ್ಪ ಬೇಗ ಅಮ್ಮಾ" ಎಂದರು. ಅಕ್ಕ ಸೆರಗಿನ ಗಂಟಿನಿಂದ ನೋಟು ತೆಗೆದು ಕೊಟ್ಟು, ಆ ಮೇಲೆ ಎಷ್ಟೋ ತಿಂಗಳು ಅಂಗಡಿಯಲ್ಲಿ ಫೋನ್ ತೆಗೆಯಲೇ ಇಲ್ಲ. ಹೆಚ್ಚು ಓದದ ತಮ್ಮಿಂದಲೇ ಏನೋ ತಪ್ಪಾಗುತ್ತಿದೆ ಎಂದು ಅವರು ನಂಬಿದ್ದರು. ತಪ್ಪು ಅವರದಾಗಿರಲಿಲ್ಲ. ಪ್ರೊಸೆಸರ್ ಕುರಿತ ಪ್ರಶ್ನೆ ಬಂದಾಗಲೆಲ್ಲ ನಾನು ಇಷ್ಟು ಉದ್ದ ಬರೆಯಲು ಆ ಬಿಳಿ ಪರದೆಯೂ ಒಂದು ಕಾರಣ.

ಮಗಳು ಸ್ನಾಪ್‌ಡ್ರ್ಯಾಗನ್ ಕೇಳುತ್ತಿರುವುದಕ್ಕೆ ಹಿನ್ನೆಲೆ ಇದೆ. ಹಿಂದೆ ಅಗ್ಗದ ಫೋನ್‌ಗಳಿಗೆಲ್ಲ ಮೀಡಿಯಾಟೆಕ್, ದುಬಾರಿಯವಕ್ಕೆ ಕ್ವಾಲ್ಕಾಮಿನ ಸ್ನಾಪ್‌ಡ್ರ್ಯಾಗನ್ ಎಂಬ ವಿಂಗಡಣೆ ಬಹುಮಟ್ಟಿಗೆ ನಿಜವಾಗಿತ್ತು. ಇಂದು ಅದನ್ನು ನಂಬಿ ಕೊಂಡರೆ ಹಣ ಕಳೆದುಕೊಳ್ಳುವುದೇ ಹೆಚ್ಚು. ಉದಾಹರಣೆಗೆ, ಸ್ನಾಪ್‌ಡ್ರ್ಯಾಗನ್ 4 ಜೆನ್ 2ರಲ್ಲಿ ದೊಡ್ಡ ಕೋರ್‌ಗಳು ಎರಡೇ ಎ78. ಅದು ನಿಮ್ಮ 7300ಕ್ಕೆ ಸಮನಾಗುವುದಿಲ್ಲ. ಸ್ನಾಪ್‌ಡ್ರ್ಯಾಗನ್ 6 ಜೆನ್ 1 ಮತ್ತು 7ಎಸ್ ಜೆನ್ 2 ಎರಡರಲ್ಲೂ ನಾಲ್ಕು ಎ78 ಇವೆ. ಅವು 7300ರ ಸಾಲಿನಲ್ಲಿ ಕೂರುತ್ತವೆ. ನಿಮ್ಮ ಮಗಳಿಗೆ ಸ್ನಾಪ್‌ಡ್ರ್ಯಾಗನ್ನೇ ಬೇಕೆಂದಿದ್ದರೆ, ಈ ಎರಡರಲ್ಲಿ ಒಂದು ಅದೇ ಬೆಲೆಗೆ ಸಿಕ್ಕಿದಾಗ ಕೊಡಿಸಲು ಅಡ್ಡಿಯಿಲ್ಲ. ಎರಡೂ ಕಂಪನಿಗಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ ಎಂಬುದನ್ನೂ ಅವಳಿಗೆ ತಿಳಿಸಿ; ಎಲೆಕ್ಟ್ರಾನಿಕ್ಸ್ ಓದುತ್ತಿದ್ದರೆ ನಾಳೆ ಅವಳು ಕೆಲಸಕ್ಕೆ ಅರ್ಜಿ ಹಾಕುವುದು ಇವೆರಡರಲ್ಲಿ ಯಾವುದಕ್ಕೂ ಆಗಬಹುದು.

ಹೆಸರುಗಳ ಗೊಂದಲ ಮಾತ್ರ ಎರಡೂ ಕಡೆ ಬೇಕಾದಷ್ಟಿದೆ, ಮತ್ತು ಗ್ರಾಹಕರು ಹೆಚ್ಚು ಮೋಸಹೋಗುವುದು ಇಲ್ಲೇ. ಸಂಖ್ಯೆ ದೊಡ್ಡದಾದರೆ ಚಿಪ್ ಹೊಸದು, ಹೊಸದಾದರೆ ವೇಗದ್ದು ಎಂದು ನಾವು ಭಾವಿಸುತ್ತೇವೆ. ಮೀಡಿಯಾಟೆಕ್ 2023ರಲ್ಲಿ ತಂದ ಡೈಮೆನ್ಸಿಟಿ 6020 ಎಂಬುದು 2020ರ ಡೈಮೆನ್ಸಿಟಿ 700ರ ಹೊಸ ಹೆಸರು. 6080 ಎಂಬುದು ಹಿಂದೆ 810 ಎಂದಿದ್ದದ್ದು. 7050 ಎಂಬುದು ಹಳೆಯ 1080. ಕ್ವಾಲ್ಕಾಮಿನಲ್ಲಿ ಒಂದೇ ಅಕ್ಷರ ಅಥವಾ ಒಂದೇ ಚಿಹ್ನೆ ಎಲ್ಲವನ್ನೂ ಬದಲಾಯಿಸುತ್ತದೆ. 2023ರ ಮಾರ್ಚಿನಲ್ಲಿ ಬಂದ ಸ್ನಾಪ್‌ಡ್ರ್ಯಾಗನ್ 7 ಪ್ಲಸ್ ಜೆನ್ 2ರಲ್ಲಿ, ಅದರ ಹಿಂದಿನ ವರ್ಷದ ದುಬಾರಿ ಫೋನ್‌ಗಳಲ್ಲಿದ್ದ ಎಕ್ಸ್2 ಎಂಬ ಅತಿ ದೊಡ್ಡ ಕೋರ್ ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ 7ಎಸ್ ಜೆನ್ 2ರಲ್ಲಿ ಆ ಕೋರ್ ಇಲ್ಲ. ಆರು ತಿಂಗಳು ತಡವಾಗಿ ಬಂದರೂ ಅದು ಬಹಳ ಕೆಳಗಿನ ದರ್ಜೆಯ ಚಿಪ್. ಎರಡನ್ನೂ ಅಂಗಡಿಯಲ್ಲಿ "ಸೆವೆನ್ ಸೀರೀಸ್" ಎಂದೇ ಹೇಳಿ ಮಾರುತ್ತಾರೆ. ಇನ್ನೊಂದು ಬಗೆಯ ಉದಾಹರಣೆಯೂ ಇದೆ: ಡೈಮೆನ್ಸಿಟಿ 7400ರಲ್ಲಿ 7300ರಲ್ಲಿರುವಂತೆಯೇ ನಾಲ್ಕು ಎ78 ಮತ್ತು ನಾಲ್ಕು ಎ55 ಕೋರ್‌ಗಳಿವೆ, ವೇಗ ಮಾತ್ರ 2.6 ಗಿಗಾಹರ್ಟ್ಸ್. ನಿಮ್ಮ ಅಂಗಡಿಯವರ ಮಾತು ಆ ಜೋಡಿಗಾದರೆ ಸರಿಹೊಂದುತ್ತಿತ್ತು. 7300ರ ಬದಲು 7400 ಎಂದು ಎರಡು ಸಾವಿರ ಹೆಚ್ಚು ಕೇಳಿದರೆ ಕೊಡಬೇಡಿ.

ಇದಕ್ಕೆ ಪರಿಹಾರ ಸುಲಭ. ಸಿಪಿಯು-ಝಡ್ ಎಂಬ ಉಚಿತ ಆ್ಯಪ್ ಇದೆ. ಪ್ರದರ್ಶನಕ್ಕಿಟ್ಟ ಫೋನಿನಲ್ಲಿ ಅದನ್ನು ಹಾಕಲು ಬಿಟ್ಟರೆ ಮೊದಲ ಪುಟದಲ್ಲೇ ಯಾವ ಕೋರ್ ಎಷ್ಟಿದೆ, ಎಷ್ಟು ಗಿಗಾಹರ್ಟ್ಸ್ ಎಂದು ಹೆಸರು ಸಮೇತ ಕಾಣುತ್ತದೆ. ಬಿಡದಿದ್ದರೆ ಚಿಪ್ ತಯಾರಿಸಿದ ಕಂಪನಿಯದೇ ಜಾಲತಾಣದಲ್ಲಿ ಆ ಚಿಪ್ಪಿನ ಪುಟವನ್ನು ಓದಿ. ಫೋನ್ ಮಾರುವವರ ಪುಟದಲ್ಲಿ ಈ ವಿವರ ಅನೇಕ ಸಲ ಸಿಗುವುದಿಲ್ಲ.

ನ್ಯಾನೋಮೀಟರ್ ಅಂಕಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯಲ್ಲಿ ಮುಂದಿನ ಮಾತು ಅದೇ ಆಗಿರುತ್ತದೆ. 6300 ತಯಾರಾಗಿರುವುದು 6 ನ್ಯಾನೋಮೀಟರ್ ತಂತ್ರದಲ್ಲಿ, 7300 ತಯಾರಾಗಿರುವುದು 4 ನ್ಯಾನೋಮೀಟರ್ ತಂತ್ರದಲ್ಲಿ. ಎರಡನ್ನೂ ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಅಂಕಿ ಚಿಕ್ಕದಾದಷ್ಟೂ ಅದೇ ಕೆಲಸಕ್ಕೆ ಕಡಿಮೆ ವಿದ್ಯುತ್ ಸಾಕಾಗುತ್ತದೆ ಎಂಬುದು ಒಂದೇ ಕಾರ್ಖಾನೆಯ ಚಿಪ್‌ಗಳ ನಡುವೆ ಸಾಮಾನ್ಯವಾಗಿ ನಿಜ. ಆದರೆ ಈ ಅಂಕಿ ಇಂದು ಚಿಪ್ಪಿನೊಳಗಿನ ಯಾವುದೇ ಒಂದು ಭಾಗದ ನಿಜವಾದ ಅಳತೆಯಲ್ಲ. ಅದೊಂದು ತಲೆಮಾರಿನ ಹೆಸರು, ಮತ್ತು ಒಂದು ಕಾರ್ಖಾನೆಯ 4 ಇನ್ನೊಂದರ 4ಕ್ಕೆ ಸಮನಾಗಿರಬೇಕೆಂದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ 2022ರಲ್ಲಿ ಸಿಕ್ಕಿತು. ಸ್ನಾಪ್‌ಡ್ರ್ಯಾಗನ್ 8 ಜೆನ್ 1 ಚಿಪ್ಪನ್ನು ಸ್ಯಾಮ್‌ಸಂಗಿನ 4 ನ್ಯಾನೋಮೀಟರ್ ಕಾರ್ಖಾನೆಯಲ್ಲಿ ಮಾಡಿಸಲಾಗಿತ್ತು. ಅದನ್ನು ಹಾಕಿದ ಫೋನ್‌ಗಳು ಬಿಸಿಯಾಗುತ್ತವೆ ಎಂಬ ದೂರು ವ್ಯಾಪಕವಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಕ್ವಾಲ್ಕಾಮ್ ಬಹುಮಟ್ಟಿಗೆ ಅದೇ ವಿನ್ಯಾಸವನ್ನು ಟಿಎಸ್‌ಎಂಸಿಯ 4 ನ್ಯಾನೋಮೀಟರಿನಲ್ಲಿ ಮಾಡಿಸಿ 8 ಪ್ಲಸ್ ಜೆನ್ 1 ಎಂಬ ಹೆಸರಿನಲ್ಲಿ ತಂದಿತು. ಕೋರ್‌ಗಳಲ್ಲೂ ಗ್ರಾಫಿಕ್ಸ್‌ನಲ್ಲೂ ವಿದ್ಯುತ್ ಬಳಕೆ ಶೇ 30ರವರೆಗೆ ಇಳಿದಿದೆ ಎಂದು ತಾನೇ ಹೇಳಿಕೊಂಡಿತು. ಅಂಕಿ ಬದಲಾಗಿರಲಿಲ್ಲ, ಕಾರ್ಖಾನೆ ಬದಲಾಗಿತ್ತು.

ಬಿಸಿಯ ಮಾತು ನಮ್ಮ ನಾಡಿನಲ್ಲಿ ಇನ್ನಷ್ಟು ಮುಖ್ಯ. ಲ್ಯಾಪ್‌ಟಾಪಿಗಿರುವಂತೆ ಫೋನಿಗೆ ಫ್ಯಾನ್ ಇರುವುದಿಲ್ಲ. ಚಿಪ್ಪಿನ ಶಾಖ ಗ್ರಾಫೈಟ್ ಹಾಳೆ ಅಥವಾ ತಾಮ್ರದ ತಗಡಿನ ಮೂಲಕ ಫೋನಿನ ಮೈಗೆ ಹರಡಿ, ಅಲ್ಲಿಂದ ಗಾಳಿಗೂ ನಿಮ್ಮ ಅಂಗೈಗೂ ಹೋಗಬೇಕು. ಒಂದು ಮಿತಿ ದಾಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲಿಗೆ ಫೋನ್ ಸಿಕ್ಕಿಸಿ, ಚಾರ್ಜರ್ ಚುಚ್ಚಿ, ನಕ್ಷೆ ನೋಡುತ್ತಾ ಊಟ ತಲುಪಿಸುವ ಹುಡುಗನ ಕೈಯಲ್ಲಿರುವ ಫೋನ್ ಮತ್ತು ಎಸಿ ಕೋಣೆಯಲ್ಲಿ ಕುಳಿತು ವಿಮರ್ಶಕರು ಪರೀಕ್ಷಿಸಿದ ಫೋನ್ ಒಂದೇ ಮಾದರಿಯದ್ದಾದರೂ ಒಂದೇ ವೇಗದಲ್ಲಿ ಕೆಲಸ ಮಾಡಲಾರವು. ಆದ್ದರಿಂದ ಅಂಕ ನೋಡುವುದಾದರೆ ಮೊದಲ ನಿಮಿಷದ ಅಂಕಕ್ಕಿಂತ ಇಪ್ಪತ್ತನೆಯ ನಿಮಿಷದ ಅಂಕವನ್ನು ನೋಡಿ. 3ಡಿಮಾರ್ಕ್ ಪರೀಕ್ಷೆಯಲ್ಲಿ ಒಂದೇ ದೃಶ್ಯವನ್ನು ಇಪ್ಪತ್ತು ಸಲ ಓಡಿಸಿ, ಮೊದಲಿನ ವೇಗದಲ್ಲಿ ಶೇಕಡಾ ಎಷ್ಟು ಉಳಿಯಿತು ಎಂದು ಹೇಳುವ ಭಾಗವಿದೆ. ಯೂಟ್ಯೂಬ್‌ನ ಕನ್ನಡ ವಿಮರ್ಶಕರಲ್ಲಿಯೂ ಅದನ್ನು ಮಾಡಿ ತೋರಿಸುವವರನ್ನು ನಂಬಿ.

ಅಂಟುಟು ಎಂಬ ಇನ್ನೊಂದು ವೇಗ ಪರೀಕ್ಷೆಯ ಅಂಕಗಳನ್ನು ಹೋಲಿಸುವಾಗ ಎರಡೂ ಒಂದೇ ಆವೃತ್ತಿಯವೇ ಎಂದು ನೋಡಿಕೊಳ್ಳಿ. 10ನೆಯ ಆವೃತ್ತಿಯ ಅಂಕವನ್ನು 11ನೆಯದರೊಂದಿಗೆ ಹೋಲಿಸುವುದು ಸೇರಿನ ಅಳತೆಯನ್ನು ಕಿಲೋದೊಂದಿಗೆ ಹೋಲಿಸಿದಂತೆ. ಇಂಥ ಪರೀಕ್ಷೆಗಳಿಗೂ ಒಂದು ಮಿತಿಯಿದೆ. 2022ರಲ್ಲಿ ಸ್ಯಾಮ್‌ಸಂಗಿನ ಕೆಲವು ಗ್ಯಾಲಕ್ಸಿ ಎಸ್ ಫೋನ್‌ಗಳು ದಿನಬಳಕೆಯ ಎಷ್ಟೋ ಆ್ಯಪ್‌ಗಳ ವೇಗವನ್ನು ತಗ್ಗಿಸುತ್ತಾ, ಪರೀಕ್ಷೆಯ ಆ್ಯಪ್‌ಗಳನ್ನು ಮಾತ್ರ ಹಾಗೆಯೇ ಬಿಡುತ್ತಿದ್ದದ್ದು ಬಯಲಾಗಿ, ಗೀಕ್‌ಬೆಂಚ್ ಅವುಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು.

ಈಗ ನಿಮ್ಮ ಏರ್‌ಟೆಲ್ ಸಿಮ್. ಪ್ರೊಸೆಸರ್ ಕೊಳ್ಳುವಾಗ ಮೋಡೆಮನ್ನೂ ಕೊಳ್ಳುತ್ತೇವೆ ಎಂದೆನಲ್ಲ, ಅದನ್ನು ಮರೆತವರು ಪಟ್ಟ ಪಾಡಿನ ಕಥೆಯಿದು. ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾದಾಗ ಎರಡು ದೊಡ್ಡ ಕಂಪನಿಗಳು ಎರಡು ದಾರಿ ಹಿಡಿದವು. ಜಿಯೊ 4ಜಿಯ ಆಸರೆ ಬೇಡದ, ಸ್ವತಂತ್ರವಾಗಿ ನಿಲ್ಲುವ 5ಜಿ ಜಾಲವನ್ನು ಕಟ್ಟಿತು; ಅದನ್ನು ಎಸ್‌ಎ ಎನ್ನುತ್ತಾರೆ. ಏರ್‌ಟೆಲ್ ತನ್ನ 4ಜಿ ಜಾಲದ ಹೆಗಲ ಮೇಲೆ 5ಜಿಯನ್ನು ಕೂರಿಸಿತು, ಅದು ಎನ್‌ಎಸ್‌ಎ. ಬಹುಪಾಲು ಚಿಪ್‌ಗಳ ಮೋಡೆಮ್‌ಗಳಿಗೆ ಎರಡೂ ಗೊತ್ತು. ಆದರೆ ಬೆಲೆ ಇಳಿಸಲೆಂದು 2024ರಲ್ಲಿ ಬಂದ ಸ್ನಾಪ್‌ಡ್ರ್ಯಾಗನ್ 4ಎಸ್ ಜೆನ್ 2ರಲ್ಲಿ ಎಸ್‌ಎ ಮಾತ್ರ ಇದೆ. ಆ ವರ್ಷದ ನವೆಂಬರಿನಲ್ಲಿ ಆ ಚಿಪ್ಪಿನೊಂದಿಗೆ ಬಂದ ರೆಡ್ಮಿ ಎ4 5ಜಿ ಫೋನಿನಲ್ಲಿ ಜಿಯೊ ಸಿಮ್ ಹಾಕಿದವರಿಗೆ 5ಜಿ ಸಿಕ್ಕಿತು, ಏರ್‌ಟೆಲ್‌ನ ಎನ್‌ಎಸ್‌ಎ ಜಾಲದಲ್ಲಿದ್ದವರಿಗೆ 4ಜಿಯೇ ಗತಿಯಾಯಿತು. ಫೋನಿನ ಹೆಸರಿನಲ್ಲೇ 5ಜಿ ಇದ್ದರೂ ಹೀಗಾಯಿತು. ನಿಮಗೆ ತೋರಿಸಿದ 6300 ಮತ್ತು 7300 ಎರಡಕ್ಕೂ ಎರಡೂ ಬಗೆಯ ಜಾಲಗಳು ಸಿಗುತ್ತವೆ, ಆದ್ದರಿಂದ ಆ ಚಿಂತೆ ಬೇಡ. ಆದರೆ ಮನೆಯ ಇನ್ನೊಬ್ಬರಿಗೆ ಹತ್ತು ಸಾವಿರದೊಳಗಿನ 5ಜಿ ಫೋನ್ ಕೊಳ್ಳುವ ದಿನ ಈ ಪ್ರಶ್ನೆಯನ್ನು ತಪ್ಪದೆ ಕೇಳಿ.

ಚಿಪ್ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಮಾಹಿತಿ ಒದಗಿಸುವ ಸ್ಟೋರೇಜ್ ನಿಧಾನವಾದರೆ ಎಲ್ಲವೂ ನಿಧಾನವೇ. ಅಗ್ಗದ ಫೋನ್‌ಗಳಲ್ಲಿ ಇಎಂಎಂಸಿ ಎಂಬ ಹಳೆಯ ಬಗೆಯ ಸ್ಟೋರೇಜ್ ಇರುತ್ತದೆ. ಅದು ಹಳ್ಳದ ಮೇಲಿನ ಒಂದೇ ಗಾಡಿ ಹಿಡಿಯುವ ಸೇತುವೆಯಂತೆ: ಆ ಕಡೆಯಿಂದ ಬರುವವರು ದಾಟುವ ತನಕ ಈ ಕಡೆಯವರು ನಿಲ್ಲಬೇಕು, ಓದುವುದು ಮತ್ತು ಬರೆಯುವುದು ಒಟ್ಟಿಗೆ ಆಗುವುದಿಲ್ಲ. ಯುಎಫ್‌ಎಸ್ ಎಂಬ ಬಗೆಯಲ್ಲಿ ಎರಡೂ ಏಕಕಾಲಕ್ಕೆ ಸಾಗುತ್ತವೆ. ಇಎಂಎಂಸಿ 5.1ರ ಗರಿಷ್ಠ ಮಿತಿ ಸೆಕೆಂಡಿಗೆ 400 ಮೆಗಾಬೈಟ್, ಯುಎಫ್‌ಎಸ್ 2.2ರದು ಸುಮಾರು 1,200, ಯುಎಫ್‌ಎಸ್ 3.1ರದು 2,000ಕ್ಕೂ ಹೆಚ್ಚು. ಡೈಮೆನ್ಸಿಟಿ 7300ಕ್ಕೆ ಯುಎಫ್‌ಎಸ್ 3.1 ಜೋಡಿಸಬಹುದು, ಆದರೆ ಫೋನ್ ತಯಾರಕರು ಹಣ ಉಳಿಸಲು 2.2 ಹಾಕುವುದುಂಟು. ಹಾಗಿದ್ದರೆ ಅದೊಂದೇ ಕಾರಣಕ್ಕೆ ಬಿಡಬೇಡಿ, 2.2 ನಿಮ್ಮ ಮಗಳ ಬಳಕೆಗೆ ಸಾಕು. ಇಎಂಎಂಸಿ ಇದ್ದರೆ ಮಾತ್ರ ಯಾವ ಪ್ರೊಸೆಸರ್ ಆದರೂ ನಾಲ್ಕು ವರ್ಷದ ಫೋನ್ ಎಂದು ಕೊಳ್ಳಬೇಡಿ.

ರ್‍ಯಾಮ್ ನಿಜವಾದ 8 ಜಿಬಿ ಇರಲಿ. "8 ಜಿಬಿ, ಜೊತೆಗೆ 8 ಜಿಬಿ ವರ್ಚುವಲ್, ಒಟ್ಟು 16" ಎಂದು ಹೇಳುತ್ತಾರೆ. ಆ ಎರಡನೆಯ 8 ಎಂಬುದು ಸ್ಟೋರೇಜಿನಿಂದಲೇ ಎರವಲು ಪಡೆದ ಜಾಗ. ರ್‍ಯಾಮಿನ ವೇಗದ ಹತ್ತಿರಕ್ಕೂ ಅದು ಬರುವುದಿಲ್ಲ. ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಆ ಹಣವನ್ನು 128ರ ಬದಲು 256 ಜಿಬಿ ಸ್ಟೋರೇಜಿಗೆ ಹಾಕಿದರೆ ಮೂರನೆಯ ವರ್ಷದಲ್ಲಿ, ಟಿಪ್ಪಣಿಗಳೂ ತರಗತಿಯ ವಿಡಿಯೊಗಳೂ ತುಂಬಿಕೊಂಡಾಗ, ಅದರ ಬೆಲೆ ತಿಳಿಯುತ್ತದೆ.

108 ಮೆಗಾಪಿಕ್ಸೆಲ್ ಎಂಬುದು ಸೆನ್ಸರಿನ ಅಂಕಿ. ಸೆನ್ಸರ್ ಹಿಡಿದದ್ದನ್ನು ಫೋಟೊ ಆಗಿಸುವ ಕೆಲಸ ಪ್ರೊಸೆಸರಿನೊಳಗೇ ನಡೆಯುತ್ತದೆ. 6300ರಲ್ಲಿ 4ಕೆ ಎಂಬ ಹೆಚ್ಚು ಸ್ಪಷ್ಟತೆಯ ವಿಡಿಯೊ ಚಿತ್ರೀಕರಣವೇ ಇಲ್ಲ. ಕಂಪನಿ ಹೇಳುವ ಮಿತಿ 2ಕೆ. 7300ರಲ್ಲಿ 4ಕೆ ಇದೆ. ಸ್ನಾಪ್‌ಡ್ರ್ಯಾಗನ್ 695 ಎಂಬ ಚಿಪ್ಪಿನದೂ ಇದೇ ಕಥೆಯಾಗಿತ್ತು: ಅದನ್ನು ಹಾಕಿದ ಫೋನ್‌ಗಳಿಗೆ 108 ಮೆಗಾಪಿಕ್ಸೆಲ್ ಸೆನ್ಸರ್ ಇಟ್ಟರೂ ವಿಡಿಯೊ 1080ಪಿ ದಾಟುತ್ತಿರಲಿಲ್ಲ. ಕಾಲೇಜಿನ ಕಾರ್ಯಕ್ರಮವನ್ನೋ ಪ್ರಾಜೆಕ್ಟಿನ ಪ್ರಾತ್ಯಕ್ಷಿಕೆಯನ್ನೋ ಚಿತ್ರೀಕರಿಸುವಾಗ ಇದು ಎದುರಾಗುತ್ತದೆ.

ನಾಲ್ಕು ವರ್ಷ ಎಂದಿರಿ. ಹಾಗಾದರೆ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂಬುದನ್ನು ಬೆಲೆಯಷ್ಟೇ ಗಂಭೀರವಾಗಿ ಕೇಳಬೇಕು. ಬ್ಯಾಂಕಿನ ಆ್ಯಪ್‌ಗಳಿರುವ ಫೋನಿಗೆ ಭದ್ರತಾ ಅಪ್‌ಡೇಟ್ ನಿಂತುಹೋದರೆ ಅದರ ವೇಗ ಇದ್ದೂ ಪ್ರಯೋಜನವಿಲ್ಲ. ಅಪ್‌ಡೇಟ್ ತಯಾರಿಸುವುದು ಫೋನ್ ಕಂಪನಿಯಾದರೂ, ಚಿಪ್ ಕಂಪನಿ ತನ್ನ ಚಾಲಕ ತಂತ್ರಾಂಶವನ್ನು ಹೊಸ ಆಂಡ್ರಾಯ್ಡಿಗೆ ಹೊಂದಿಸಿಕೊಡುವುದನ್ನು ನಿಲ್ಲಿಸಿದರೆ ಅವರ ಕೈಯೂ ಕಟ್ಟುತ್ತದೆ. 2025ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಕ್ವಾಲ್ಕಾಮ್ ಸೇರಿ, ಸ್ನಾಪ್‌ಡ್ರ್ಯಾಗನ್ 8 ಎಲೈಟ್‌ನಿಂದ ಆರಂಭಿಸಿ ಎಂಟು ವರ್ಷಗಳ ಅಪ್‌ಡೇಟ್‌ಗೆ ದಾರಿ ಮಾಡಿಕೊಡುವುದಾಗಿ ಪ್ರಕಟಿಸಿದವು. ಅದು ದುಬಾರಿ ಫೋನ್‌ಗಳ ಮಾತು. ನಿಮ್ಮ ಬೆಲೆಯಲ್ಲಿ ಕಂಪನಿಯಿಂದ ಕಂಪನಿಗೆ ಬಹಳ ಅಂತರವಿದೆ. ಭಾರತದಲ್ಲಿ ಡೈಮೆನ್ಸಿಟಿ 6300ರೊಂದಿಗೆ ಬಂದ ಗ್ಯಾಲಕ್ಸಿ ಎ16 5ಜಿಗೆ ಸ್ಯಾಮ್‌ಸಂಗ್ ಆರು ಆಂಡ್ರಾಯ್ಡ್ ಆವೃತ್ತಿಗಳನ್ನೂ ಆರು ವರ್ಷಗಳ ಭದ್ರತೆಯನ್ನೂ ಘೋಷಿಸಿತು. ನನ್ನ ಅಭಿಪ್ರಾಯದಲ್ಲಿ ಇದು ನಿಜಕ್ಕೂ ಒಳ್ಳೆಯ ಹೆಜ್ಜೆ, ಆದರೂ ಒಂದು ಹಿಂಜರಿಕೆ ಇದೆ: ಪ್ರತಿ ಹೊಸ ಆಂಡ್ರಾಯ್ಡ್ ಹಿಂದಿನದಕ್ಕಿಂತ ಸ್ವಲ್ಪ ಭಾರವಾಗುತ್ತಾ ಹೋದಾಗ, ಎರಡೇ ಎ76 ಕೋರ್‌ಗಳು ಐದನೆಯ ವರ್ಷದಲ್ಲಿ ಆ ಭಾರವನ್ನು ಹೊರುವುದು ಕಷ್ಟ. ಆದ್ದರಿಂದ ನೀವು ನೋಡಿದ 7300ರ ಫೋನಿಗೆ ನಾಲ್ಕು ವರ್ಷದ ಭದ್ರತಾ ಅಪ್‌ಡೇಟ್ ಇದೆಯೇ ಎಂದು ಕಂಪನಿಯ ಪುಟದಲ್ಲಿ ನೋಡಿ. ಎರಡೇ ವರ್ಷ ಎಂದಿದ್ದರೆ ಅದೇ ಚಿಪ್ ಇರುವ ಬೇರೆ ಕಂಪನಿಯ ಫೋನನ್ನು ಹುಡುಕಿ.

ನಾನು 6300ನ್ನು ಕೆಟ್ಟ ಚಿಪ್ ಎನ್ನುತ್ತಿಲ್ಲ. ನಿಮ್ಮ ತಾಯಿಗೋ ತಂದೆಗೋ, ಕರೆ, ವಾಟ್ಸಾಪ್, ಹಣ ಕಳಿಸುವುದು, ಯೂಟ್ಯೂಬಿನಲ್ಲಿ ಭಜನೆ ಕೇಳುವುದು ಇಷ್ಟಕ್ಕೇ ಫೋನ್ ಬೇಕಿದ್ದರೆ, ಯುಎಫ್‌ಎಸ್ ಸ್ಟೋರೇಜ್ ಇರುವ 6300ರ ಫೋನನ್ನೇ ಕೊಡಿಸಿ ಎಂದು ಹೇಳುತ್ತಿದ್ದೆ. ಎರಡು ವರ್ಷ ಹಳೆಯ ದುಬಾರಿ ಫೋನನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರೆ ಇದೇ ಹಣಕ್ಕೆ ಇನ್ನೂ ಬಲವಾದ ಪ್ರೊಸೆಸರ್ ಸಿಗುತ್ತದೆ ಎಂದು ಮಗಳ ಗೆಳತಿಯರು ಹೇಳಬಹುದು. ಪ್ರೊಸೆಸರಿನ ಮಟ್ಟಿಗೆ ಅದು ನಿಜ. ಸವೆದ ಬ್ಯಾಟರಿ ಮತ್ತು ಮುಗಿಯುತ್ತಿರುವ ಅಪ್‌ಡೇಟ್ ಅವಧಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಊರಿನಿಂದ ದೂರ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಗೆ ನಾನು ಅದನ್ನು ಹೇಳಲಾರೆ.

ಫೋನ್ ತಂದ ದಿನವೇ ಮಾಡಬೇಕಾದ ಒಂದು ಕೆಲಸವಿದೆ. ಹಿಂದಿರುಗಿಸುವ ಅವಧಿ ಎಷ್ಟು ದಿನ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮಗಳ ಹಳೆಯ ಫೋನಿನ ಎಲ್ಲ ಆ್ಯಪ್‌ಗಳನ್ನೂ ಹೊಸದಕ್ಕೆ ತುಂಬಿ, ಒಂದು ರಾತ್ರಿ ಚಾರ್ಜಿಗಿಟ್ಟು, ಮರುದಿನ ಮಧ್ಯಾಹ್ನದ ಸೆಕೆಯಲ್ಲಿ ಅರ್ಧ ಗಂಟೆ ವಿಡಿಯೊ ಕರೆ ಮಾಡಿಸಿ. ಕರೆ ಮುಗಿದ ಕೂಡಲೇ ಕ್ಯಾಮೆರಾ ತೆರೆದು ಹತ್ತು ಫೋಟೊ ಬೇಗಬೇಗ ತೆಗೆಯಲಿ, ಗ್ಯಾಲರಿಗೆ ಹೋಗಲಿ, ಹಣ ಕಳಿಸುವ ಆ್ಯಪಿನಿಂದ ನಿಮಗೆ ಒಂದು ರೂಪಾಯಿ ಕಳಿಸಲಿ. ಬಿಸಿಯಾದ ಫೋನಿನಲ್ಲೂ ಇವೆಲ್ಲ ತಡವರಿಸದೆ ನಡೆದರೆ ಇಟ್ಟುಕೊಳ್ಳಿ. ಬಿಳಿ ಪರದೆ ಕಾಣಿಸಿದರೆ ಅವಧಿ ಮುಗಿಯುವ ಮೊದಲೇ ಹಿಂದಕ್ಕೆ ಕೊಡಿ.